ಸೈಮಿಯ ಪಿಸುಮಾತು

ಬಾಗಿಲಿಗೆ ಕಿವಿಗೊಟ್ಟ ಹೆಲ್ವಿಗೆ ಪಿಸುಮಾತು ಸ್ಪಷ್ಟವಾಗಿಯೇ ಕೇಳಿಸಿತು.

"ಮಲಗ್ಬೇಡ. ಇನ್ನೂ ಸ್ವಲ್ಪ ಮಾತಾಡು. ನನಗೋಸ್ಕರ."

ಗಂಟೆ ಎರಡೂವರೆ. ಉತ್ತರ ಫಿನ್ಲೆಂಡಿನ ಆ ಶಾಲೆಯ ಹಾಸ್ಟೆಲಿಗೆ ಹೆಲ್ವಿ ವಾರ್ಡನ್. ಅವಳು ಬಾಗಿಲು ನೂಕುತ್ತಲೇ ಹೊದಿಕೆಯೊಳಗಿನ ನೀಲಿ ಬೆಳಕು ಆರಿತು.

ಹದಿನೇಳರ ಸೈಮಿ ತರಗತಿಯಲ್ಲಿ ತೂಕಡಿಸುವುದು ಎಲ್ಲರಿಗೂ ಗೊತ್ತಿತ್ತು. ಓದಿದ್ದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಸುಲಭದ ಲೆಕ್ಕದಲ್ಲೂ ಅಂಕಿಗಳು ಅದಲುಬದಲು. ಗಣಿತದಲ್ಲಿ ಹತ್ತಕ್ಕೆ ಐದು.

"ಯಾರೇ ಅವನು?"

ಸೈಮಿ ಮೊಬೈಲನ್ನು ದಿಂಬಿನಡಿ ತಳ್ಳಿದಳು. ಹೆಲ್ವಿ ಅದನ್ನು ಕಿತ್ತುಕೊಂಡಾಗ ಅವಳ ಮುಖ ಬಿಳಿಚಿತು. "ವಾರಕ್ಕೆ ನಾಲ್ಕೇ ರಾತ್ರಿ ಕೊಡಿ, ಹೆಲ್ವಿ. ಶುಕ್ರ, ಶನಿ, ಭಾನುವಾರ ನೀವೇ ಇಟ್ಕೊಳ್ಳಿ."

"ಭಲೇ! ಪ್ರೀತಿಗೂ ವಾರದ ರಜೆ ಇರುತ್ತಾ?"

ಮರುದಿನ ಹೆಲ್ವಿ ಸೈಮಿಯ ತಂದೆ ಟಾರ್ಮೋಗೆ ಫೋನ್ ಮಾಡಿದಳು. ತಾಯಿಯಿಲ್ಲದ ಹುಡುಗಿಗೆ ಅವನೊಬ್ಬನೇ ದಿಕ್ಕು.

"ನಿಮ್ಮ ಮಗಳು ನಡುರಾತ್ರಿ ಯಾರ ಜೊತೆಗೋ ಮಾತಾಡ್ತಾಳೆ. ನಿದ್ದೆ ಇಲ್ದೆ ತಲೆ ಓಡೋದಾದ್ರೂ ಹೇಗೆ? ಗಣಿತದಲ್ಲಿ ಐದು ಬಂದಿದೆ."



"ಐದಾ? ನನಗೆ ಹೇಳೇ ಇಲ್ಲ ಅವಳು. ಮೊಬೈಲು ರಾತ್ರಿ ನಿಮ್ಮ ಹತ್ರಾನೇ ಇರ್ಲಿ. ಎಷ್ಟೇ ಅತ್ರೂ ಕೊಡ್ಬೇಡಿ. ಮಗು ಮಲಗ್ಲಿ."

ಒಳ್ಳೆಯ ತಂದೆ, ಅಂದುಕೊಂಡಳು ಹೆಲ್ವಿ.

ಸೈಮಿ ಮೂರು ದಿನ ಊಟ ಬಿಟ್ಟು ಅತ್ತಳು. ನಾಲ್ಕನೆಯ ದಿನ ತಂದೆ ಫೋನಿನಲ್ಲಿ ಏನು ಹೇಳಿದನೋ, ಅಂದಿನಿಂದ ದಿಂಬಿಗೆ ತಲೆ ಕೊಟ್ಟರೆ ಬೆಳಗಾಗುತ್ತಿತ್ತು. ಕೆನ್ನೆಗೆ ಬಣ್ಣ ಬಂತು. ಪಾಠದಲ್ಲಿ ಪ್ರಶ್ನೆ ಕೇಳತೊಡಗಿದಳು. ನವೆಂಬರಿನ ಪರೀಕ್ಷೆಯಲ್ಲಿ ಒಂಬತ್ತು.

ಆ ಗುರುವಾರ ಹೆಲ್ವಿ ದಾಲ್ಚಿನ್ನಿ ಬನ್ನು ಮಾಡಿ ಹುಡುಗಿಯರಿಗೆಲ್ಲ ಹಂಚಿದಳು. "ನೋಡಿದ್ಯಾ ನಿದ್ದೆಯ ಮಹಿಮೆ!" ಎಂದಾಗ ಸೈಮಿ ನಕ್ಕಳು.

ಶುಕ್ರವಾರ ಬೆಳಿಗ್ಗೆ ಪೊಲೀಸರು ಬಂದರು. ರಾತ್ರಿ ಟಾರ್ಮೋ ಓಡಿಸುತ್ತಿದ್ದ ಮರದ ದಿಮ್ಮಿಗಳ ಲಾರಿ ನೇರ ರಸ್ತೆ ಬಿಟ್ಟು ಕಾಡಿಗೆ ನುಗ್ಗಿತ್ತು. ಬ್ರೇಕು ಹಾಕಿದ ಗುರುತೇ ಇರಲಿಲ್ಲ. ಅವನು ಅಲ್ಲೇ ತೀರಿಕೊಂಡಿದ್ದ.

ತಬ್ಬಿಕೊಳ್ಳಲು ಬಂದ ಹೆಲ್ವಿಯಿಂದ ಸೈಮಿ ಹಿಂದೆ ಸರಿದಳು.

"ಗಾಡಿ ಓಡಿಸ್ತಾನೇ ಅಪ್ಪನಿಗೆ ನಿದ್ದೆ ಬಂದ್ಬಿಡ್ತಿತ್ತು. ಗೊತ್ತಾದ್ರೆ ಲೈಸೆನ್ಸ್ ಹೋಗುತ್ತೆ, ಯಾರಿಗೂ ಹೇಳ್ಬೇಡ ಅಂದಿದ್ದ. ಅದಕ್ಕೇ ರಾತ್ರಿಯೆಲ್ಲ ನಾನು ಮಾತಾಡಿಸ್ತಾ ಇರ್ತಿದ್ದೆ."

ಸೈಮಿಯೇ ಮುಂದುವರಿಸಿದಳು: "ಹಗಲು ಪಾಳಿ ಸಿಕ್ತು, ಇನ್ನು ನೀನು ಮಲ್ಕೋ ಮಗಾ ಅಂದ. ನಂಬಿ ಮಲಗ್ಬಿಟ್ಟೆ."