ಅನುದಾನದ ಎಂಜಿನ್ ರೂಮು

ಹಡಗಿನಲ್ಲಿ ಸತ್ತ ಎಂಜಿನಿಯರೊಬ್ಬರ ನೆನಪನ್ನು ಯಂತ್ರಕ್ಕೆ ತುಂಬಿ ಲ್ಯಾಬಿನಲ್ಲಿ ಕೂರಿಸಿದ ಕಾಲೇಜಿಗೆ ಮಾತ್ರ ಈಗ ಅನುದಾನ. ಮಂಗಳೂರಿನ ನಮ್ಮ ನೌಕಾ ಕಾಲೇಜಿಗೆ ಸಿಕ್ಕಿದ್ದು ನನ್ನ ಗಂಡ ಜಯಕರ. ಅವರು ಬೆಂಕಿಗೆ ಸಿಕ್ಕಿ ಸತ್ತ ಎಂಜಿನ್ ರೂಮನ್ನೇ ಕಾಲೇಜಿನವರು ಇಲ್ಲಿ ಹಾಗೇ ಕಟ್ಟಿದ್ದಾರೆ. ಪಾಠ ಮಾಡಿಸುವವಳು ನಾನು.

"ಎಂತದೋ ಸುಟ್ಟ ವಾಸನೆ ಬರ್ತದಲ್ಲಾ?" ಎಂದು ಸ್ಪೀಕರಿನಲ್ಲಿ ಜಯಕರ ಕೇಳಿದರೆ ಪಾಠ ಶುರು. ವಿದ್ಯಾರ್ಥಿ ಎಣ್ಣೆಯ ವಾಲ್ವ್ ಹುಡುಕುವಷ್ಟರಲ್ಲಿ ಹೊಗೆ ತುಂಬುತ್ತದೆ. ಜಯಕರ ಕೆಮ್ಮುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ನಾನು ಮಾರ್ಕ್ ಹಾಕಿ ರೀಸೆಟ್ ಗುಂಡಿ ಒತ್ತುತ್ತೇನೆ. ಎಲ್ಲರ ಸರದಿಯೂ ಮುಗಿಯದಿದ್ದರೆ ಅನುದಾನದ ಮುಂದಿನ ಕಂತು ಬರುವುದಿಲ್ಲ.

ಇವತ್ತು ಉಳ್ಳಾಲದ ನಫೀಸಾ ಹೊಗೆ ಏಳುವ ಮೊದಲೇ ವಾಲ್ವ್ ಮುಚ್ಚಿದಳು. ಬೆಂಕಿ ಆರಿತು. ಇದುವರೆಗೆ ಯಾರಿಂದಲೂ ಆಗಿರಲಿಲ್ಲ.

"ಶಾಬಾಸ್ ಮಗಾ," ಎಂದರು ಜಯಕರ. ಉದ್ದಕ್ಕೆ ಉಸಿರು ಬಿಟ್ಟರು. "ನನ್ನ ಹೆಂಡತಿಗೆ ಮಾತ್ರ ಇದನ್ನು ಹೇಳುದು ಬೇಡ, ಆಯ್ತಾ? ಸುಮ್ನೆ ಹೆದರ್ತಾಳೆ."

ನಫೀಸಾ ನನ್ನ ಕಡೆ ತಿರುಗಿದಳು. "ಮೇಡಂ, ಸರ್ ಇನ್ನೂ ಮಾತಾಡ್ತಾ ಇದ್ದಾರೆ."

"ನಿಂಗೆ ಪೂರ್ತಿ ಮಾರ್ಕ್ ಉಂಟು ಮಾರಾಯ್ತಿ. ಹೊರಗೆ ಇನ್ನೊಬ್ಬ ಕಾಯ್ತಾ ಇದ್ದಾನೆ, ಕಳಿಸು," ಎಂದೆ.

ಗುಂಡಿ ಒತ್ತಿದೆ.

"ಎಂತದೋ ಸುಟ್ಟ ವಾಸನೆ ಬರ್ತದಲ್ಲಾ?" ಎಂದರು ಜಯಕರ.