ನೆರಳಿಲ್ಲದ ತಿರುವು

ಸೂರ್ಯ ಪಡುವಣದಲ್ಲೇ ನಿಂತುಹೋದ ಮೇಲೆ ಅತ್ತ ಹೋಗುವ ಡ್ರೈವರುಗಳು ತಲೆಯೆತ್ತಿ ನೋಡುವುದನ್ನೇ ಬಿಟ್ಟಿದ್ದರು. ಮಡಿವಾಳಪ್ಪನೂ ಗಾಜಿನ ಮೇಲರ್ಧಕ್ಕೆ ಗೋಣಿತಟ್ಟು ಕಟ್ಟಿ, ರಸ್ತೆಯ ಮೇಲೆ ಚಾಚಿಕೊಂಡು ಬರುವ ನೆರಳುಗಳನ್ನಷ್ಟೇ ನೋಡಿ ಬಸ್ಸು ಓಡಿಸುತ್ತಿದ್ದ. ಹತ್ತುವವರು ರಸ್ತೆಗೆ ಕೊಡೆ ಚಾಚಿ ನೆರಳು ಬೀಳಿಸುತ್ತಿದ್ದರು.

ಹುಣಸೆಮರದ ತಿರುವಿನಲ್ಲಿ ಅವನು ಬಸ್ಸು ನಿಲ್ಲಿಸಿ ಹಾರನ್ ಹೊಡೆದ.

"ಯಾರ ನೆರಳೂ ಇಲ್ಲಲ್ರಿ ಕಾಕಾ, ಯಾಕ ನಿಲ್ಲಿಸಿದ್ರಿ?" ಎಂದಳು ಹೊಸ ಕಂಡಕ್ಟರ್ ಕಸ್ತೂರಿ.

"ಮಲಗಿದವ್ರ ನೆರಳು ಕಾಣಂಗಿಲ್ಲವ್ವಾ."

"ರಸ್ತೆದಾಗ ಯಾರ್ ಮಲಗ್ತಾರ್ರಿ?"

"ನಮ್ಮಾಕಿ ಬುತ್ತಿ ಕೊಡಾಕ ಬಂದಿದ್ಲು. ಫಿಟ್ಸ್ ಬಂದು ಇಲ್ಲೇ ಬಿದ್ದಿದ್ಲು. ನೆರಳಿಲ್ಲಂತ ನಾ ಆಕಿ ಮ್ಯಾಲ ಹಂಗ ಬಸ್ಸು ಓಡಿಸ್ಕೊಂಡು ಹೋದೆ."

ಕಸ್ತೂರಿ ಇಳಿದಳು. ಕಣ್ಣಿಗೆ ಕೈ ಅಡ್ಡ ಹಿಡಿದು, ಬಸ್ಸಿನ ಮುಂದೆ ತಿರುವಿನ ಕೊನೆಯವರೆಗೂ ನಡೆದು ನೋಡಿ ಬಂದು, ಬಾಗಿಲು ಬಡಿದಳು.

"ರೈಟ್."