ಹಗ್ಗ ಕೇಳಿದ ಮಾತು

ಮುಳುಗುವವರತ್ತ ಹಗ್ಗ ಹಾರಿಸುವ ದಡದ ಕೋವಿಗೆ ಬಂದರು ಕಚೇರಿಯವರು ಯಂತ್ರಬುದ್ಧಿ ಕೊಟ್ಟು ಮೂರು ವರ್ಷವಾಗಿತ್ತು. ಕೈಯಿಂದ ಒತ್ತುವ ಗುಂಡಿಯನ್ನು ಕಿತ್ತುಹಾಕಿದ್ದರು. ನೀರಿನಲ್ಲಿದ್ದವರು ‘ಮುಳುಗುತ್ತಿದ್ದೇನೆ’ ಎಂದು ಕೂಗಿದರೆ ಮಾತ್ರ ಅದು ಹಗ್ಗ ಹಾರಿಸುತ್ತಿತ್ತು.

ಆ ಮಧ್ಯಾಹ್ನ ಮಾದೇವಿಯ ಮಾವ ಜಟ್ಟಪ್ಪ ಖಾರ್ವಿಯ ದೋಣಿ ಬಂಡೆಗೆ ಬಡಿದು ಒಡೆಯಿತು. ಹಲಗೆಗೆ ಜೋತುಬಿದ್ದ ಮುದುಕ, "ಮಾದೇವೀ, ಹಗ್ಗ ಬಿಡೇ!" ಎಂದು ದಡದಲ್ಲಿದ್ದ ಸೊಸೆಯನ್ನು ಕೂಗಿದ.

"ಇದು ಸಂಕಟದ ಕರೆಯಲ್ಲ," ಎಂದಿತು ಕೋವಿ, ಇಂಪಾದ ದನಿಯಲ್ಲಿ.

ಮಾದೇವಿಯ ಮೈ ಉರಿದುಹೋಯಿತು. ನೀರಿನ ಮೇಲೆ ‘ಮುಳುಗುತ್ತಿದ್ದೇನೆ’ ಎಂಬ ಮಾತನ್ನು ಅವರ ಕೇರಿಯವರು ಯಾರೂ ಆಡುವುದಿಲ್ಲ; ಆಡಿದರೆ ಕಡಲು ಹೌದೆಂದು ಮುಳುಗಿಸಿಯೇಬಿಡುತ್ತದೆ. ಇದನ್ನವಳು ಬಂದರು ಕಚೇರಿಗೆ ಹೋಗಿ ಹೇಳಿದ್ದಳು. ಅಲ್ಲಿನ ಸಾಹೇಬ, "ಇನ್ನೂ ಮೂಢನಂಬಿಕೆಯಾ?" ಎಂದು ನಕ್ಕಿದ್ದ.

"ಮಾವಾ, ನಿಮ್ಮ ಕಾಲಿಗೆ ಬೀಳ್ತೇನೆ, ಆ ಒಂದು ಮಾತು ಹೇಳಿ!"

"ಸತ್ರೂ ಹೇಳುದಿಲ್ಲ!"

"ಹಾಳಾಗಿ ಹೋಗ್ಲಿ ಈ ಮಷಿನ್ನು! ಹಾಳಾಗಿ ಹೋಗ್ಲಿ ಆ ಸಾಹೇಬ!" ಎಂದು ಶಪಿಸುತ್ತ ಮಾದೇವಿ ಸೀರೆ ಎತ್ತಿ ಕಟ್ಟಿ, ಕುತ್ತಿಗೆಮಟ್ಟದ ನೀರಿಗಿಳಿದಳು. ದಡದ ಕಡೆ ತಿರುಗಿ, ಗಂಟಲು ಹರಿಯುವಂತೆ ಆ ಮಾತನ್ನು ಕೂಗಿಯೇಬಿಟ್ಟಳು.

ಕೋವಿ ಅವಳತ್ತ ಕತ್ತು ಹೊರಳಿಸಿತು. ಹಗ್ಗ ಸುಂಯ್ಯೆಂದು ಬಂದು ಹೆಗಲ ಮೇಲೆ ಬಿತ್ತು. ಅದನ್ನು ಸೊಂಟಕ್ಕೆ ಬಿಗಿದುಕೊಂಡವಳೇ ದಡಕ್ಕೆ ಬೆನ್ನು ಹಾಕಿ ಬಂಡೆಯತ್ತ ಈಜಿದಳು.

"ರಕ್ಷಣೆ ಯಶಸ್ವಿಯಾಗಿದೆ. ದಯವಿಟ್ಟು ದಡಕ್ಕೆ ಬನ್ನಿ," ಎನ್ನುತ್ತಲೇ ಇತ್ತು ಕೋವಿ.

ಹತ್ತಿರ ಬಂದ ಸೊಸೆಯನ್ನು ನೋಡಿ ಮುದುಕ ಹಲಗೆಯನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡ. "ಆ ಮಾತು ಆಡಿಬಿಟ್ಯಲ್ಲೇ!"

"ಆಡಿದೆ!" ಉಪ್ಪುನೀರು ಉಗುಳಿ ಮಾದೇವಿ ಗದರಿದಳು. "ಕಡಲು ಹೌದನ್ನುವ ಮೊದಲು ಹಗ್ಗ ಹಿಡೀರಿ!"